ಅಳಿಯ ಐಪ್ಯಾಡ್‌ಗೆ ಮಾವನ ಬಹಿರಂಗ ಪತ್ರ

ಚಿರಂಜೀವಿ ಐಪ್ಯಾಡ್ ಅಳಿಯಂದಿರಿಗೆ,

ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಬೀಗರಾದ ಆಪಲ್ ಕಂಪನಿಯವರು ಕ್ಯುಪರ್ಟಿನೋದಲ್ಲಿ ಕ್ಷೇಮವಾಗಿದ್ದಾರೆಂದು ಬಲ್ಲೆವು. ನಮ್ಮ ದುಡ್ಡೂ ಅಲ್ಲಿಯೇ ಇರುವುದರಿಂದ ಅದರ ಕ್ಷೇಮದ ಬಗ್ಗೆಯೂ ಚಿಂತೆಯಿಲ್ಲ.

ಈ ಕಾಗದ ಬರೆಯಲು ಕಾರಣವೇನೆಂದರೆ, 2025ರ ದೀಪಾವಳಿಯ ಆಸುಪಾಸಿನಲ್ಲಿ ನಿಮ್ಮ ಕಡೆಯಿಂದ ಬಂದ ಅಪ್‌ಡೇಟುಗಳೂ ನಮ್ಮ ಕಡೆಯಿಂದ ಬರಬೇಕಾದ ಉಡುಗೊರೆಗಳ ಪಟ್ಟಿಯೂ ಕೈಸೇರಿವೆ. ಎರಡನ್ನೂ ಕನ್ನಡಕ ಹಾಕಿಕೊಂಡು ಓದಿದ್ದೇನೆ. ಎಂ5 ಚಿಪ್ ಹೊತ್ತ ನಿಮ್ಮ ಪ್ರೊ ಅವತಾರ ಅಂಗಡಿಗೆ ಕಾಲಿಟ್ಟಿದ್ದು ಅಕ್ಟೋಬರ್ 22ಕ್ಕೆ, ಅಂದರೆ ಸರಿಯಾಗಿ ಬಲಿಪಾಡ್ಯಮಿಯಂದು. ಅಳಿಯ ಮಾವನ ಮನೆಗೆ ಬರುವ ದಿನವನ್ನು ಅಮೆರಿಕದಲ್ಲಿ ಕೂತು ಇಷ್ಟು ನಿಖರವಾಗಿ ಆರಿಸಿದ್ದು ಯಾರೋ ತಿಳಿಯದು, ಪಂಚಾಂಗ ಬಲ್ಲವರೇ ಇರಬೇಕು. ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ನಿಮ್ಮಂಥ ಅಳಿಯಂದಿರು ಈಗ ಬೀದಿಗೊಬ್ಬರಿದ್ದಾರೆ, ಮಾವಂದಿರೆಲ್ಲ ಬಾಯಿ ಬಿಡದೆ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾರೆ. ಒಬ್ಬನಾದರೂ ಗಟ್ಟಿಯಾಗಿ ಓದಲಿ ಎಂದು ಹೊರಟೆ.

ಮೊದಲು ವಯಸ್ಸಿನ ವಿಚಾರ. 2024ರಲ್ಲಿ ನಿಮ್ಮ ಐಪ್ಯಾಡ್‌ಓಎಸ್‌ಗೆ 18. ಮರುವರ್ಷ ಸೆಪ್ಟೆಂಬರ್ 15ಕ್ಕೆ 26. ಬರುವ ವರ್ಷದ ಅಂಕಿಯನ್ನೇ ಫೋನು, ಗಡಿಯಾರ, ಟಿವಿ, ಎಲ್ಲರಿಗೂ ಒಟ್ಟಿಗೆ ಇಟ್ಟಿದ್ದೇವೆ ಎಂಬುದು ಬೀಗರ ವಿವರಣೆ. ಇರಲಿ. ಜಾತಕದಲ್ಲಿ ವಯಸ್ಸು ಇಳಿಸುವುದನ್ನು ಕಂಡಿದ್ದೆವು, ಏರಿಸುವುದನ್ನು ಕಂಡಿದ್ದು ಇದೇ ಮೊದಲು.

ಇಪ್ಪತ್ತಾರು ತುಂಬಿದ್ದೇ ನೀವು ಉಟ್ಟುಕೊಂಡು ಬಂದ ಹೊಸ ಬಟ್ಟೆಯ ಹೆಸರು ಲಿಕ್ವಿಡ್ ಗ್ಲಾಸ್. ಗುಂಡಿಗಳು ಗಾಜು, ಪಟ್ಟಿಗಳು ಗಾಜು, ಹಿಂದಿನದೆಲ್ಲ ಮುಂದೆ ಕಾಣುವಷ್ಟು ತೆಳು. ಅಕ್ಷರದ ಹಿಂದೆ ಇನ್ನೊಂದು ಅಕ್ಷರ, ಅದರ ಹಿಂದೆ ಮೊಮ್ಮಗನ ಫೋಟೋ. ಊರಿನವರೆಲ್ಲ ಓದಲಾಗುತ್ತಿಲ್ಲ ಎಂದು ಗೊಣಗಿದ ಮೇಲೆ 26.1ರಲ್ಲಿ ಸ್ವಲ್ಪ ದಪ್ಪ ಬಟ್ಟೆಯ ಆಯ್ಕೆ ಕೊಟ್ಟಿರಿ. ಮೈ ಕಾಣುವ ಪಂಚೆ ಉಟ್ಟು ಬಂದು, ಹಿರಿಯರು ಮುಖ ತಿರುಗಿಸಿದ ಮೇಲೆ ‘ಬೇಕಿದ್ದರೆ ದಪ್ಪದ್ದೂ ಇದೆ’ ಎನ್ನುವುದು ಯಾವ ಮನೆಯ ಪದ್ಧತಿ?

ಆದರೂ ನ್ಯಾಯ ಹೇಳಬೇಕು. ಈ ಸಲದ ಅಪ್‌ಡೇಟು ಒಳ್ಳೆಯದು. ಕಿಟಕಿಗಳನ್ನು ಬೇಕಾದ ಅಳತೆಗೆ ಎಳೆಯಬಹುದು, ಒಂದರ ಮೇಲೊಂದು ಇಡಬಹುದು, ಮೇಲೆ ಮೆನು ಪಟ್ಟಿ ಬಂದಿದೆ, ಮುಚ್ಚಲು ಕೆಂಪು ಗುಂಡಿ ಇದೆ, ಮೌಸಿನ ಗುರುತು ಕೊನೆಗೂ ಬಾಣದ ಆಕಾರಕ್ಕೆ ಬಂದಿದೆ. ಇವೆಲ್ಲ ಕಂಪ್ಯೂಟರಿನಲ್ಲಿ ಮೂವತ್ತು-ನಲವತ್ತು ವರ್ಷಗಳಿಂದ ಇವೆ ಎಂದು ಹೇಳಿ ನಿಮ್ಮ ಸಂಭ್ರಮ ಕೆಡಿಸುವುದಿಲ್ಲ. ಇಲ್ಲಿಗೆ ತಲುಪಲು ನೀವು ಹಿಡಿದ ದಾರಿಯನ್ನಷ್ಟೇ ಹೇಳುತ್ತೇನೆ. 2015ರಲ್ಲಿ ಸ್ಪ್ಲಿಟ್ ವ್ಯೂ ಎಂದಿರಿ. 2022ರಲ್ಲಿ ಸ್ಟೇಜ್ ಮ್ಯಾನೇಜರ್ ಎಂದಿರಿ. 2025ರಲ್ಲಿ ಕಿಟಕಿ ಎಂದಿರಿ. ಅಳಿಯ ಅಲ್ಲ, ಮಗಳ ಗಂಡ. ಪ್ರತಿಸಲವೂ ಹೊಸ ಹೆಸರು, ಹೊಸ ಬೆರಳಾಟ, ಮನೆಮಂದಿ ಮತ್ತೆ ಮೊದಲಿನಿಂದ ಕಲಿಯಬೇಕು.

ಸ್ಟೇಜ್ ಮ್ಯಾನೇಜರ್ ಹೊತ್ತಿನಲ್ಲಿ ಇನ್ನೊಂದು ಮಾತು ಬಂದಿತ್ತು. ಎಂ1 ಚಿಪ್ ಇಲ್ಲದ ಮೈಗೆ ಇದು ಆಗುವುದೇ ಇಲ್ಲ ಎಂದರು ಬೀಗರು. ಗಲಾಟೆಯಾದ ಮೇಲೆ 2018ರ ಪ್ರೊಗೂ ಆಗುತ್ತದೆ ಎಂದರು. ಈಗ ನೋಡಿದರೆ ಹೊಸ ಕಿಟಕಿಗಳು 2020ರ ಅಗ್ಗದ ಎಂಟನೇ ತಲೆಮಾರಿನ ಐಪ್ಯಾಡಿನಲ್ಲೂ ತೆರೆಯುತ್ತಿವೆ! ಒಂದೇ ಸಲಕ್ಕೆ ತೆರೆಯುವುದು ಕಡಿಮೆ, ಅಷ್ಟೇ. ಹಾಗಾದರೆ ಆಗ ಆಗದೆ ಇದ್ದದ್ದು ಯಾವುದು, ಮೈಯೋ ಮನಸ್ಸೋ? ಐದು ವರ್ಷದ ಹಳೆಯ ಅಗ್ಗದ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಕೊಡುವುದು ದೊಡ್ಡ ಗುಣ, ಒಪ್ಪಿದೆ. ಆ ಗುಣ ತಡವಾಗಿ ನೆನಪಾಗುತ್ತದೆ ಎಂಬುದೇ ದೂರು.

ಪಕ್ಕದಿಂದ ಸರಿದು ಬರುತ್ತಿದ್ದ ಸ್ಲೈಡ್ ಓವರ್ ಕಿಟಕಿಯ ಕಥೆಯೂ ಹೀಗೆಯೇ. 26ರಲ್ಲಿ ತೆಗೆದಿರಿ, ನವೆಂಬರಿನ 26.1ರಲ್ಲಿ ಹೊಸ ಸೌಲಭ್ಯವೆಂದು ಪಟ್ಟಿಗೆ ಸೇರಿಸಿ ಹಿಂದಕ್ಕೆ ಕೊಟ್ಟಿರಿ. ನಮ್ಮದೇ ಬೆಳ್ಳಿ ಚೊಂಬನ್ನು ನಮಗೇ ಉಡುಗೊರೆ ಕೊಟ್ಟ ಹಾಗಾಯಿತು. ಮುಗುಳ್ನಕ್ಕು ಇಸಕೊಂಡೆವು.

ಇನ್ನು ಕೆಲಸದ ವಿಷಯ. ಫೈನಲ್ ಕಟ್ ಪ್ರೊ 2023ರಲ್ಲೇ ನಿಮ್ಮ ಕೈಗೆ ಬಂದಿತು. ಆದರೆ ವಿಡಿಯೊ ಹೊರತೆಗೆಯುವಾಗ ಎದುರೇ ಕೂತು ನೋಡುತ್ತಿರಬೇಕಿತ್ತು, ಬೇರೆ ಆ್ಯಪ್‌ಗೆ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. 26ರಿಂದ ನಾವು ಕಣ್ಣು ಆಚೆ ತಿರುಗಿಸಿದರೂ ನೀವು ಕೆಲಸ ಮುಂದುವರಿಸುತ್ತೀರಂತೆ. ಅಳಿಯನೊಬ್ಬ ಮಾವ ನೋಡದಿದ್ದರೂ ದುಡಿಯುತ್ತಾನೆಂದರೆ ಸಣ್ಣ ಸುದ್ದಿಯಲ್ಲ.

ಲೆಕ್ಕದ ವಿಷಯ ಮಾತ್ರ ನಾನು ಸುಲಭಕ್ಕೆ ಬಿಡುವವನಲ್ಲ. 2010ರಲ್ಲಿ ಹುಟ್ಟಿದಿರಿ, ಕ್ಯಾಲ್ಕುಲೇಟರ್ ಇರಲಿಲ್ಲ. ಅಗ್ಗದ ಪೆನ್ನಿಗೂ ಅಂಟಿಸಿ ಮಾರುತ್ತಿದ್ದ ವಸ್ತು ಅದು. ಅದು ನಿಮಗೆ ದಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ಹೆಚ್ಚುಕಡಿಮೆ ಹದಿನಾಲ್ಕು ವರ್ಷ, ರಾಮದೇವರಷ್ಟೇ ವನವಾಸ. ಮಾಡಿದರೆ ಅದ್ಭುತವಾಗಿಯೇ ಮಾಡಬೇಕೆಂದು ಕಾದಿದ್ದೆವು ಎಂಬುದು ಬೀಗರ ಕಡೆಯವರ ಸಮಜಾಯಿಷಿ. ಅದೇ ವರ್ಷ ಮೇ ತಿಂಗಳಲ್ಲಿ ಎಂ4 ಚಿಪ್ ಧರಿಸಿ ನೀವು ಬಂದಾಗ, ಅದರ ನ್ಯೂರಲ್ ಎಂಜಿನ್ ಸೆಕೆಂಡಿಗೆ 38 ಲಕ್ಷ ಕೋಟಿ ಲೆಕ್ಕ ಮಾಡುತ್ತದೆಂದು ಡಂಗುರ ಹೊಡೆಸಿದಿರಿ. ಆ ದಿನವೂ ನಿಮ್ಮೊಳಗೆ ಕ್ಯಾಲ್ಕುಲೇಟರ್ ಇರಲಿಲ್ಲ ಅಳಿಯಂದಿರೇ. ಹಾಲಿನವನ ಲೆಕ್ಕ ನಾವು ಕ್ಯಾಲೆಂಡರಿನ ಮೇಲೆಯೇ ಬರೆದುಕೊಂಡೆವು.

ಬಂದ ಮೇಲೆ ಮಾತ್ರ ಚೆನ್ನಾಗಿಯೇ ಬಂದಿತು. ಪೆನ್ಸಿಲ್ಲಿನಿಂದ ಲೆಕ್ಕ ಗೀಚಿ ಸಮ ಚಿಹ್ನೆ ಹಾಕಿದರೆ ಉತ್ತರ ನಮ್ಮ ಕೈಬರಹದಂತೆಯೇ ಮೂಡುತ್ತದೆ. ಮಕ್ಕಳು ಮನೆಪಾಠಕ್ಕೆ ಇದನ್ನು ಹೇಗೆ ಬಳಸುತ್ತಾರೆಂಬುದನ್ನು ಮೇಷ್ಟರುಗಳು ನೋಡಿಕೊಳ್ಳಲಿ.

ಕನ್ನಡದ ಬಗ್ಗೆ ಎರಡು ಒಳ್ಳೆಯ ಮಾತು. 2017ರಲ್ಲಿ ಐಓಎಸ್ 11ರ ಜೊತೆ ಕನ್ನಡ ಕೀಲಿಮಣೆ ಬಂತು. 2024ರಲ್ಲಿ ಲಾಕ್ ಸ್ಕ್ರೀನಿನ ಗಡಿಯಾರಕ್ಕೆ ಕನ್ನಡ ಅಂಕಿ ಬಂತು. 2025ರ ಐಪ್ಯಾಡ್‌ಓಎಸ್ 18.4ರಲ್ಲಿ ಸೆಟ್ಟಿಂಗ್ಸ್ ಸಮೇತ ಇಡೀ ಯಂತ್ರವೇ ಕನ್ನಡದಲ್ಲಿ ಮಾತಾಡತೊಡಗಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಬ್ಬಾಳದ ಮಾಲಿನಲ್ಲಿ ಬೀಗರು ಸ್ವಂತ ಅಂಗಡಿಯನ್ನೂ ತೆರೆದರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡುವ ಮೊದಲೇ ಕನ್ನಡ ಕಲಿತವರು ಅಪರೂಪ. ಹದಿನೈದು ವರ್ಷ ಹಿಡಿದಿದ್ದರೂ ಆ ಒಂದು ಕಾರಣಕ್ಕೆ ನಿಮಗೆ ಊಟದ ಪಂಕ್ತಿಯಲ್ಲಿ ಮೊದಲ ಎಲೆ.

ಊಟವಾಯಿತು. ಈಗ ಉಡುಗೊರೆಗಳ ಪಟ್ಟಿಗೆ ಬರೋಣ.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದರಲ್ಲಿ ಆಕ್ಸೆಸರಿ ಎಂಬ ಪದ ಇಲ್ಲದಿರುವುದನ್ನು ನಿಮ್ಮ ಕಡೆಯ ವಕೀಲರು ಗಮನಿಸಿರಬೇಕು. ಕಾಶೀಯಾತ್ರೆಗೆ ಹೊರಟ ಮದುವಣಿಗನಿಗೆ ನಾವು ಕೊಡೆ, ಕೋಲು ಕೊಟ್ಟು ಕರೆತರುತ್ತೇವೆ. ಅದು ಒಂದು ಸಲ. ನಿಮ್ಮ ಕಾಶೀಯಾತ್ರೆ ಮತ್ತೆ ಮತ್ತೆ ಹೊರಡುತ್ತದೆ, ಹೊರಟಾಗ ಎಷ್ಟೋ ಸಲ ಹಳೆಯ ಕೋಲು ಕೈಗೆ ಸರಿಹೊಂದುವುದಿಲ್ಲ.

ಕೋಲು ಅಂದರೆ ಪೆನ್ಸಿಲ್. ನಿಮ್ಮ ಮನೆತನದ ಯಜಮಾನರು ಸ್ಟೀವ್ ಜಾಬ್ಸ್ 2007ರಲ್ಲಿ ವೇದಿಕೆಯ ಮೇಲೆ ನಿಂತು ಕಡ್ಡಿಯ ಸಹವಾಸವೇ ಬೇಡ, ಹುಟ್ಟಿನಿಂದ ಬಂದ ಬೆರಳು ಸಾಕು ಎಂದಿದ್ದರು. ಅವರು 2011ರಲ್ಲಿ ತೀರಿಕೊಂಡರು. 2015ರಲ್ಲಿ ಕಡ್ಡಿ ಬಂತು. ಅದನ್ನು ಚಾರ್ಜ್ ಮಾಡಲು ನಿಮ್ಮ ಹೊಟ್ಟೆಗೇ ಚುಚ್ಚಿ ನಿಲ್ಲಿಸಬೇಕಿತ್ತು, ಯಾರಾದರೂ ಎಡವಿದರೆ ಇಬ್ಬರಿಗೂ ಅಪಾಯ. 2018ರ ಎರಡನೆಯ ಪೆನ್ಸಿಲ್ ಸೌಮ್ಯ ಸ್ವಭಾವದ್ದು, ಪಕ್ಕದಲ್ಲಿ ಆಯಸ್ಕಾಂತಕ್ಕೆ ಅಂಟಿಕೊಂಡೇ ಚಾರ್ಜ್ ಆಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಾಗದವೇ ಬೇಕಿರಲಿಲ್ಲ.

2022ರಲ್ಲಿ ಹತ್ತನೇ ತಲೆಮಾರಿನ ಐಪ್ಯಾಡ್ ಬಂದಿತು. ಅದರ ಮುಖದ ಕ್ಯಾಮೆರಾವನ್ನು ಉದ್ದದ ಅಂಚಿಗೆ ಸರಿಸಿದಿರಿ. ವಿಡಿಯೊ ಕರೆಯಲ್ಲಿ ಎಲ್ಲರೂ ಓರೆ ನೋಟ ಬೀರುತ್ತಿದ್ದುದು ತಪ್ಪಿತು, ಒಳ್ಳೆಯದೇ. ಆದರೆ ಪೆನ್ಸಿಲ್ ಅಂಟುವ ಜಾಗವೂ ಅದೇ ಅಂಚು, ಆದ್ದರಿಂದ ಎರಡನೆಯ ಪೆನ್ಸಿಲ್ಲಿಗೆ ಅಲ್ಲಿ ಜಾಗವಿಲ್ಲ. ಮೊದಲನೆಯದೇ ಗತಿ. ಅದರ ಬಾಲ ಲೈಟ್ನಿಂಗ್, ನಿಮ್ಮ ಬಾಯಿ ಯುಎಸ್‌ಬಿ-ಸಿ. ಪರಿಹಾರವಾಗಿ ಒಂದು ಅಡಾಪ್ಟರ್ ಬಂತು, ಪೆನ್ಸಿಲ್ಲಿಗೂ ನಿಮಗೂ ನಡುವೆ ಅಡಾಪ್ಟರ್ ಒಂದು, ತಂತಿ ಒಂದು. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಮಾತಾಡಲು ಮಧ್ಯಸ್ಥ ಬೇಕಾದ ಪ್ರಸಂಗ.

2023ರಲ್ಲಿ ಮೂರನೆಯ ಪೆನ್ಸಿಲ್, ಯುಎಸ್‌ಬಿ-ಸಿಯದು, ₹7,900. ಅಗ್ಗ, ಆದರೆ ಒತ್ತಿ ಬರೆದರೂ ತೇಲಿಸಿ ಬರೆದರೂ ಗೆರೆ ಒಂದೇ ದಪ್ಪ, ಏಕೆಂದರೆ ಒತ್ತಡ ಅಳೆಯುವ ಗುಣ ತೆಗೆದಿದ್ದೀರಿ. 2015ರ ಅಜ್ಜನಲ್ಲಿದ್ದ ವಿದ್ಯೆ ಮೊಮ್ಮಗನಲ್ಲಿಲ್ಲ. 2024ರಲ್ಲಿ ನಾಲ್ಕನೆಯದು, ಪೆನ್ಸಿಲ್ ಪ್ರೊ, ₹11,900. ಹಿಂಡಿದರೆ ಉಪಕರಣಗಳು ತೆರೆಯುತ್ತವೆ, ತಿರುವಿದರೆ ಕುಂಚ ತಿರುಗುತ್ತದೆ, ಕಳೆದುಹೋದರೆ ಹುಡುಕಬಹುದು. ನಿಜಕ್ಕೂ ಚೆಂದದ ವಸ್ತು, ಚಿತ್ರ ಬರೆಯುವವರು ಮೆಚ್ಚಿದರೆ ಆಶ್ಚರ್ಯವಿಲ್ಲ. ಆದರೆ ಎಂ4 ಪ್ರೊದಲ್ಲಿ ಕ್ಯಾಮೆರಾ ಸರಿಸಿ ಆಯಸ್ಕಾಂತಗಳನ್ನೂ ಬದಲಿಸಿದ್ದರಿಂದ, ಎರಡನೆಯ ಪೆನ್ಸಿಲ್ ಇಟ್ಟುಕೊಂಡಿದ್ದವರು ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕಷ್ಟೆ. ಎದುರುಮನೆಯ ಅಳಿಯ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್ ಬರುವಾಗಲೇ ಡಬ್ಬದಲ್ಲಿ ಪೆನ್ನು ಹಿಡಿದುಕೊಂಡು ಬರುತ್ತಾನೆ. ನಮ್ಮ ಮನೆಯಾಕೆ ಕಾಂಪೌಂಡಿನ ಮೇಲಿಂದ ಅದನ್ನೇ ನೋಡುತ್ತಿರುತ್ತಾಳೆ.

ಕೀಬೋರ್ಡ್. ನಿಮ್ಮ 13 ಇಂಚಿನ ಮೈ 5.1 ಮಿಲಿಮೀಟರ್ ತೆಳ್ಳಗೆ. (ಆ ಮೈಕಟ್ಟು ತೋರಿಸಲು 2024ರಲ್ಲಿ ಬೀಗರು ಪಿಯಾನೊ, ಗಿಟಾರು, ಬಣ್ಣದ ಡಬ್ಬಿಗಳನ್ನೆಲ್ಲ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅಪ್ಪಚ್ಚಿ ಮಾಡಿದ ಜಾಹೀರಾತು ಮಾಡಿಸಿದ್ದರು. ಆಯುಧಪೂಜೆಯಂದು ಸ್ಪ್ಯಾನರಿಗೂ ಕುಂಕುಮ ಇಡುವ ಜನ ನಾವು. ಬೀಗರು ತಪ್ಪಾಯಿತೆಂದು ಒಪ್ಪಿಕೊಂಡರು, ಟಿವಿಗೂ ಹಾಕಲಿಲ್ಲ. ಆ ಮಾತು ಅಲ್ಲಿಗೆ ಬಿಟ್ಟೆ.) ಈ ತೆಳು ಮೈಗೆ ಹಳೆಯ ಮ್ಯಾಜಿಕ್ ಕೀಬೋರ್ಡ್ ಆಗಲಿಲ್ಲ, ಹೊಸದೇ ಬೇಕಾಯಿತು, ₹33,900. ಅದರ ತೂಕ ನಿಮಗಿಂತ ಹೆಚ್ಚು. ಇಬ್ಬರನ್ನೂ ಸೇರಿಸಿ ತೂಗಿದರೆ ಹೆಚ್ಚುಕಡಿಮೆ ನಿಮ್ಮಣ್ಣ ಮ್ಯಾಕ್‌ಬುಕ್ ಏರ್ ತೂಗುವಷ್ಟೇ ಆಗುತ್ತದೆ. ಎಂ5 ಬಂದಾಗ ಮಾತ್ರ ಎಂ4ರ ಕೀಬೋರ್ಡನ್ನೇ ಒಪ್ಪಿಕೊಂಡಿರಿ. ಕೃತಜ್ಞತೆಗಳು.

ಈಗ 2025ರ ಬೆಲೆಗಳನ್ನು ಕೂಡಿಸೋಣ, ಹೇಗೂ ಕ್ಯಾಲ್ಕುಲೇಟರ್ ಬಂದಿದೆ. 13 ಇಂಚಿನ ನೀವು ₹1,29,900. ಕೀಬೋರ್ಡ್ ₹33,900. ಪೆನ್ಸಿಲ್ ಪ್ರೊ ₹11,900. ಒಟ್ಟು ₹1,75,700. ಹುಟ್ಟುವಾಗಲೇ ಕೀಬೋರ್ಡ್ ಪಡೆದು ಬಂದ ಎಂ4 ಮ್ಯಾಕ್‌ಬುಕ್ ಏರ್ ₹99,900. ಬಡ ಸಂಬಂಧದಲ್ಲೂ ಇದೇ ಕಥೆ. 2025ರ ಸಾದಾ ಐಪ್ಯಾಡ್ ₹34,900, ಅದರ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ ₹24,900. ಅಳಿಯನ ಮಣೆಯೇ ಅಳಿಯನಷ್ಟು ಭಾರವಾಗತೊಡಗಿದರೆ ಮಾವ ಯಾರಿಗೆ ನಮಸ್ಕಾರ ಮಾಡಬೇಕು?

ಕೊನೆಯದಾಗಿ, ನಮ್ಮದು ತುಂಬಿದ ಮನೆ. ನೀವು ಮಾತ್ರ ಇಡೀ ಮನೆಯಲ್ಲಿ ಒಬ್ಬರನ್ನಷ್ಟೇ ಗುರುತಿಸುತ್ತೀರಿ. 2025ರ ಮೇ ತಿಂಗಳಲ್ಲಿ ಐಪ್ಯಾಡಿಗೆ ವಾಟ್ಸಾಪ್ ಬಂತೆಂದು ಕುಣಿದಾಡಿದೆವು. ಆಮೇಲೆ ಯಾರ ವಾಟ್ಸಾಪ್ ಹಾಕುವುದೆಂಬ ಪ್ರಶ್ನೆ ಎದ್ದು ಮನೆಯಲ್ಲಿ ಪಂಚಾಯ್ತಿ ಸೇರಿತು. ಮ್ಯಾಕ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಇದೆ. ಶಾಲೆಗಳಿಗೆ 2016ರಿಂದಲೇ ಶೇರ್ಡ್ ಐಪ್ಯಾಡ್ ವ್ಯವಸ್ಥೆ ಕೊಟ್ಟಿದ್ದೀರಿ, ಅಂದರೆ ವಿದ್ಯೆ ನಿಮಗೆ ಗೊತ್ತು. ಮನೆಗೆ ಮಾತ್ರ ಇಲ್ಲ. ಒಬ್ಬೊಬ್ಬರಿಗೂ ಒಬ್ಬೊಬ್ಬ ಅಳಿಯ ಬೇಕೆಂಬುದೇ ಬೀಗರ ಹಂಚಿಕೆಯೇ? ಮುಂದಿನ ಅಪ್‌ಡೇಟಿನಲ್ಲಿ ಗಾಜು, ಹೊಳಪು, ವಯಸ್ಸು ಯಾವುದೂ ಬೇಡ. ಅಜ್ಜಿಗೊಂದು, ಮಗಳಿಗೊಂದು, ಮೊಮ್ಮಗನಿಗೊಂದು ಖಾತೆ ಕೊಡಿಸಿ. ಮುಂದಿನ ಐಪ್ಯಾಡಿಗೆ ಇವತ್ತಿನ ಪೆನ್ಸಿಲ್ಲೇ ಸಾಕೆಂದು ಬೀಗರ ಕೈಯಲ್ಲಿ ಒಂದು ಮಾತು ಹೇಳಿಸಿ.

ಇಂತಿ ನಿಮ್ಮ ಹಿತಚಿಂತಕ,
ಮಾವ

ತಾ.ಕ.: ಈ ಕಾಗದ ಓದುತ್ತಿರುವ ಇತರ ಮಾವಂದಿರ ಗಮನಕ್ಕೆ. ಸೀರಿಯಲ್ಲು, ಮಕ್ಕಳ ಪಾಠ, ಪಿಡಿಎಫ್ ಓದುವುದಕ್ಕೆ ಸಾದಾ ಅಳಿಯ ಧಾರಾಳ ಸಾಕು. ಟಿಪ್ಪಣಿ ಗೀಚಲು ಯುಎಸ್‌ಬಿ-ಸಿ ಪೆನ್ಸಿಲ್ ನಡೆಯುತ್ತದೆ. ಚಿತ್ರ ಬರೆದು ಸಂಪಾದಿಸುವವರಿದ್ದರೆ ಏರ್ ಅಥವಾ ಪ್ರೊ ಜೊತೆಗೆ ಪೆನ್ಸಿಲ್ ಪ್ರೊ ಕೊಡಿಸಿ, ದುಡ್ಡು ದಂಡವಲ್ಲ. ಆಗೊಮ್ಮೆ ಈಗೊಮ್ಮೆ ಟೈಪ್ ಮಾಡುವವರಿಗೆ ಸಾಮಾನ್ಯ ಬ್ಲೂಟೂತ್ ಕೀಬೋರ್ಡ್ ಯಾವುದಾದರೂ ಆದೀತು. ದಿನವಿಡೀ ಟೈಪ್ ಮಾಡುವವರು ಸುಮ್ಮನೆ ಮ್ಯಾಕ್‌ಬುಕ್ ಏರ್ ತೆಗೆದುಕೊಳ್ಳಿ.