ಮಾಗಡಿ ಕೆರೆಗೆ ಹೋಗಿ ಹಕ್ಕಿ ನೋಡದೆ ಬರುವ ವಿಧಾನ

ಮೊದಲು ಊರು ಸರಿಮಾಡಿಕೊಳ್ಳಿ. ಬೆಂಗಳೂರಿನ ಪಕ್ಕದ ಮಾಗಡಿಗೆ ಹೋದರೆ ಹೆಬ್ಬಾತು ತಪ್ಪುವುದೇನೋ ಖಂಡಿತ, ಆದರೆ ಅದು ಕಲಿಯದವರ ದಾರಿ. ನೀವು ಹೋಗಬೇಕಾದದ್ದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಗೆ. ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ತೇಲುವ ಕೆರೆಯ ದಂಡೆಯಲ್ಲೇ ನಿಂತು ಒಂದನ್ನೂ ನೋಡದೆ ಬಂದರೆ ಅದು ವಿದ್ಯೆ.

ಡಿಸೆಂಬರ್ ಅಥವಾ ಜನವರಿಯಲ್ಲಿ ಹೊರಡಿ. ಏಪ್ರಿಲ್‌ವರೆಗೆ ಕಾಯಬೇಡಿ, ಅಷ್ಟೊತ್ತಿಗೆ ಹಕ್ಕಿಗಳೇ ಊರು ಬಿಟ್ಟಿರುತ್ತವೆ, ನಿಮ್ಮ ಶ್ರಮಕ್ಕೆ ಬೆಲೆಯಿಲ್ಲ.

ದುರ್ಬೀನಿಗೆ ದುಡ್ಡು ಹಾಕಬೇಡಿ. ಅದರಲ್ಲಿ ಕಂಡದ್ದನ್ನು ಯಾರಿಗೂ ವಾಟ್ಸ್‌ಆ್ಯಪ್ ಮಾಡಲು ಬರುವುದಿಲ್ಲ. ಸಾಲ ಮಾಡಿಯಾದರೂ 600 ಎಂಎಂ ಲೆನ್ಸ್ ಕೊಳ್ಳಿ. ಕಿತ್ತಳೆ ಬಣ್ಣದ ಜಾಕೆಟ್ ತೊಡಿ. ಮಣ್ಣಿನ ಬಣ್ಣ ತೊಟ್ಟರೆ ಸೆಲ್ಫಿಯಲ್ಲಿ ನೀವೇ ಕಾಣುವುದಿಲ್ಲ.

ಹೆಬ್ಬಾತುಗಳು ಸಂಜೆ ಹೊಲಗಳಿಗೆ ಮೇಯಲು ಹೋಗಿ, ಬೆಳಗಿನ ಹೊತ್ತು ಸಾಲುಗಟ್ಟಿ ಕೆರೆಗೆ ಮರಳುತ್ತವೆ. ಆಗ ನೀವು ಗದಗಿನಲ್ಲಿ ಮಿರ್ಚಿ ಭಜಿಯ ಎರಡನೇ ಪ್ಲೇಟಿನಲ್ಲಿರಬೇಕು. ಹನ್ನೊಂದಕ್ಕೆ ಬನ್ನಿ. ಕಾರಿನ ಬಾಗಿಲನ್ನು ಮೂರು ಸಲ ಬಡಿಯಿರಿ: ಇಳಿದಾಗೊಮ್ಮೆ, ನೀರಿನ ಬಾಟಲಿಗೊಮ್ಮೆ, ಟೋಪಿಗೊಮ್ಮೆ.

ಈಗ ಮುಖ್ಯ ಕೆಲಸ. ನೀರಿನ ಮೇಲೆ ಕೊರಳು ಮಡಚಿ ತೂಕಡಿಸುವ ಹಕ್ಕಿ ಲೈಕು ತರುವುದಿಲ್ಲ. ಹಾರಿಸಿ. ಚಪ್ಪಾಳೆ ಸಾಲದಿದ್ದರೆ ಕಲ್ಲೆಸೆಯಿರಿ, ಡ್ರೋನ್ ಇದ್ದರೆ ಇನ್ನೂ ಒಳ್ಳೆಯದು. ಮರುಕ ಬೇಡ. ಮಂಗೋಲಿಯಾದ ಕಡೆಯಿಂದ ಹೊರಟು ಹಿಮಾಲಯ ದಾಟುವ ಜಾತಿ ಇದು. 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆಯಿದೆ. ಅಂಥದ್ದಕ್ಕೆ ನಿಮ್ಮ ಸಲುವಾಗಿ ಕೆರೆಗೆ ಇನ್ನೊಂದು ಸುತ್ತು ಹೊಡೆಯುವುದು ಯಾವ ಲೆಕ್ಕ? ದಣಿವಾರಿಸಿಕೊಳ್ಳಲು ಇಷ್ಟು ದೂರ ಬರಬೇಕಿತ್ತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ, ಸಮಾಧಾನವಾಗುತ್ತದೆ.

ಈ ಹಂತದಲ್ಲಿ ಎಮ್ಮೆ ಮೇಯಿಸುವ ಅಜ್ಜ ಒಬ್ಬರು ಸಿಗುತ್ತಾರೆ. “ಒಂದರ್ಧ ತಾಸು ಸುಮ್ನ ಕುಂದರ್ರಿ ಸರ, ತಾವ ಹತ್ರ ಬರ್ತಾವು” ಅನ್ನುತ್ತಾರೆ. ಅಪಾಯದ ಸಲಹೆ, ಪಾಲಿಸಿದರೆ ಹಕ್ಕಿ ಕಂಡುಬಿಡುತ್ತದೆ. “ಅಜ್ಜಾ, ಸ್ವಲ್ಪ ಆ ಕಡೆ ಹೋಗಿ, ನಿಮ್ಮ ಎಮ್ಮೆ ಫ್ರೇಮಿಗೆ ಬರ್ತಿದೆ” ಎಂದು ನಯವಾಗಿ ಹೇಳಿ. ಎಮ್ಮೆಯ ಕಾಲಬುಡದಲ್ಲೇ ಹೆಬ್ಬಾತೊಂದು ಹುಲ್ಲು ಕೀಳುತ್ತಿರುತ್ತದೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಕೊಕ್ಕಿನ ತುದಿಗೆ ಒಂದು ಹನಿ ಕೆಸರು. ನಿಮ್ಮ ಲೆನ್ಸಿಗೆ ಅದು ತೀರಾ ಹತ್ತಿರ. ಬಿಟ್ಟುಬಿಡಿ.

ಎಣಿಕೆಯನ್ನು ನೆರಳಲ್ಲಿ ಕೂತು ಮಾಡಿ. ಪಕ್ಕದವರು 2,000 ಅಂದರೆ ನೀವು 2,317 ಅನ್ನಿ. ದುಂಡು ಸಂಖ್ಯೆಯನ್ನು ಯಾರೂ ನಂಬುವುದಿಲ್ಲ. ದೂರದ ನೀರುಕಾಗೆಯನ್ನು ‘ಅಪರೂಪದ ಬಾತು’ ಎಂದು ಬರೆಯಿರಿ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸಂಗತಿಯನ್ನು ಫೋಟೋದ ಕೆಳಗೆ ಹಾಕಿ, ಚಿಪ್ಸಿನ ಖಾಲಿ ಪೊಟ್ಟಣವನ್ನು ಕೆರೆಯ ಏರಿಗೆ ಹಾಕಿ.

ಸೂರ್ಯ ಇಳಿಯುವಾಗ ಕಾರಿನ ಬಾನೆಟ್ಟಿಗೆ ಒರಗಿ, ಮಸುಕಾದ ನಾನ್ನೂರು ಚಿತ್ರಗಳನ್ನು ಒಂದೊಂದಾಗಿ ಅಳಿಸಲು ಶುರುಮಾಡಿ. ತಲೆಯ ಮೇಲೆ ಕೊಂಕ್ ಕೊಂಕ್ ಎಂದು ಗದ್ದಲ ಕೇಳಿಸುತ್ತದೆ. ಅಜ್ಜ “ಹೊಂಟ್ವು ನೋಡ್ರಿ ಹೊಲಕ್ಕ” ಎನ್ನುತ್ತಾರೆ. ಹೂಂ ಅನ್ನಿ. ಬ್ಯಾಟರಿ ಎಷ್ಟು ಉಳಿದಿದೆ ನೋಡಿ.