ಲೈನಿಂಗ್ ಬೇಡ ಎನ್ನುವ ಟೈಲರಕ್ಕ

ಬಡಾವಣೆಗೊಬ್ಬಳು ಟೈಲರಕ್ಕ ಇದ್ದೇ ಇರುತ್ತಾಳೆ. ಮನೆಯ ಮುಂದಿನ ಕೋಣೆಯಲ್ಲಿ ಮೋಟಾರ್ ಕೂರಿಸಿದ ಮೆಷಿನ್ನು, ಕೊರಳಲ್ಲಿ ಟೇಪು, ಸೆರಗಿಗೆ ಚುಚ್ಚಿಕೊಂಡ ಗುಂಡುಸೂಜಿ. ಗೋಡೆಯ ಮೊಳೆಗಳಿಗೆ ನೇತುಹಾಕಿದ ಕವರುಗಳಲ್ಲಿ ಬೀದಿಯ ಅರ್ಧ ಹೆಂಗಸರ ಅಳತೆ ಬ್ಲೌಸು. ಹೇಳಿದ ದಿನಕ್ಕೆ ಹೊಲಿದು ಕೊಡುವುದಿಲ್ಲ ಎಂಬ ದೂರು ಇಡೀ ಕುಲಕ್ಕೇ ಸೇರಿದ್ದು, ಅದನ್ನು ಬಿಡೋಣ. ಈ ಕುಲದೊಳಗೊಂದು ಸಣ್ಣ ಪಂಗಡವಿದೆ. ಗಿರಾಕಿ ಲೈನಿಂಗ್ ಬೇಕು ಅಂದರೆ ಬೇಡ ಎನ್ನುವವರು.

ಲೈನಿಂಗ್ ಬ್ಲೌಸಿಗೆ ಮಜೂರಿ ಜಾಸ್ತಿ. ಅದು ಗೊತ್ತಿದ್ದೂ ಈಕೆ ತನ್ನ ಲಾಭದ ವಿರುದ್ಧ ತಾನೇ ವಕಾಲತ್ತು ಹಾಕುತ್ತಾಳೆ. ಗಿರಾಕಿ ಚೀಲದಿಂದ ಬಟ್ಟೆ ತೆಗೆಯುತ್ತಲೇ, “ಲೈನಿಂಗ್ ಹಾಕಿಬಿಡಿ ಅಕ್ಕ” ಅಂದಿರುತ್ತಾಳೆ. ಟೈಲರಕ್ಕ ಉತ್ತರಿಸುವುದಿಲ್ಲ. ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಟ್ಯೂಬ್‌ಲೈಟಿಗೆ ಹಿಡಿದು, ಅದರ ಹಿಂದೆ ತನ್ನ ಅಂಗೈ ಇಡುತ್ತಾಳೆ. ಅಂಗೈ ಕಂಡರೆ ಲೈನಿಂಗ್. ಕಾಣದಿದ್ದರೆ ಭಾಷಣ.

“ಇದು ಗುಳೇದಗುಡ್ಡದ ಖಣ. ಇಳಕಲ್ ಸೀರೆ ಜೊತೆ ನಿಮ್ಮಜ್ಜಿ ತೊಡ್ತಿದ್ದ ಕುಬಸಕ್ಕೆ ಯಾರು ಲೈನಿಂಗ್ ಹಾಕಿದ್ರು? ಕೋಟಿನ ಮೇಲೆ ಕೋಟು ಹಾಕ್ಕೋತೀರಾ? ಮದುವೆ ಕಲಬುರ್ಗೀಲಿ, ಅದೂ ಮೇ ತಿಂಗಳಲ್ಲಿ ಅಂತೀರಿ!” ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮದುವೆ ಮಂಗಳೂರಿನಲ್ಲಾದರೆ ಭಾಷಣದಲ್ಲಿ ಬಿಸಿಲಿನ ಜಾಗಕ್ಕೆ ಬೆವರು ಬರುತ್ತದೆ, ಮಿಕ್ಕದ್ದು ಹಾಗೇ ಇರುತ್ತದೆ.

ಲೈನಿಂಗಿಗೆ ಬದಲು ಆಕೆ ಹೇಳುವುದು ಪಟ್ಟಿ. ಕತ್ತಿನ ಆಕಾರಕ್ಕೇ ಅದೇ ಬಟ್ಟೆಯಿಂದ ಎರಡಿಂಚು ಅಗಲದ ಪಟ್ಟಿ ಕತ್ತರಿಸಿ, ಅಂಚಿಗೆ ಕೂಡಿಸಿ ಹೊಲಿದು, ತಿರುವಿರುವಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಒಳಕ್ಕೆ ಮಗುಚುವುದು. ಪಟ್ಟಿ ಆಮೇಲೆ ಹೊರಗೆ ಇಣುಕಬಾರದೆಂದು ಅಂಚಿನ ಪಕ್ಕದಲ್ಲೇ, ಒಳಗಿನ ಪಟ್ಟಿಗೆ ಮಾತ್ರ ಸಿಕ್ಕುವ ಹಾಗೆ ಇನ್ನೊಂದು ಹೊಲಿಗೆ. ಕೊನೆಗೆ ಕೈಯಲ್ಲಿ ಹೆಮ್ಮಿಂಗ್. ಬರೀ ರೌಂಡ್ ನೆಕ್ ಆದರೆ ಸಣ್ಣದೊಂದು ಕ್ರಾಸ್ ಪಟ್ಟಿ ಸಾಕು. ಅದನ್ನು ಬಟ್ಟೆಯ ಎಳೆಗೆ 45 ಡಿಗ್ರಿ ಓರೆಯಾಗಿಯೇ ಕತ್ತರಿಸಬೇಕು. ನೇರ ಪಟ್ಟಿ ಬಗ್ಗುವುದಿಲ್ಲ, ಕತ್ತಿನ ಸುತ್ತ ಸುಕ್ಕಾಗಿ ನಿಲ್ಲುತ್ತದೆ. ತೋಳಿಲ್ಲದ ಫ್ರಾಕಿಗೆ ಕತ್ತಿಗೊಂದು ಪಟ್ಟಿ, ಕಂಕುಳಿಗೊಂದು ಪಟ್ಟಿ ಇಟ್ಟರೆ ಸಣ್ಣ ಭುಜದ ಮೇಲೆ ಎರಡೂ ಗುದ್ದಾಡುತ್ತವೆಂದು ಎರಡಕ್ಕೂ ಸೇರಿಸಿ ಒಂದೇ ಪಟ್ಟಿ ಕತ್ತರಿಸುತ್ತಾಳೆ.

ಹಾಗಂತ ಲೈನಿಂಗಿನ ಮೇಲೆ ಹಗೆಯಿಲ್ಲ. ಜಾರ್ಜೆಟ್, ನೆಟ್, ಟಿಶ್ಯೂ ಬಂದರೆ ಬಾಯಿ ಮುಚ್ಚಿಕೊಂಡು ಹಾಕುತ್ತಾಳೆ. ಬ್ರೊಕೇಡಿನ ಹಿಂಬದಿಯ ಜರಿ ಎಳೆ ಮೈಗೆ ಚುಚ್ಚುತ್ತದೆ, ಅದಕ್ಕೂ ಹಾಕುತ್ತಾಳೆ. ತೆಳು ರೇಷ್ಮೆಯನ್ನು ಬಿಗಿಯಾಗಿ ಹೊಲಿದರೆ ಕಂಕುಳ ಹತ್ತಿರ ಎಳೆ ಬಿಡುತ್ತದೆ, ಆ ಜಗ್ಗಾಟವನ್ನು ತಾಳಿಕೊಳ್ಳಲು ಅಲ್ಲೂ ಲೈನಿಂಗ್ ಬೇಕು. ಮಗುವಿನ ನೆಟ್ ಫ್ರಾಕಿಗಂತೂ ಕೇಳುವುದೇ ಇಲ್ಲ. ಸೊಂಟದ ಹತ್ತಿರ ನೆರಿಗೆ ಕೂಡಿದ ಜಾಗ ಕೆರೆದು ಮಗು ಕೇಕ್ ಕತ್ತರಿಸುವ ಮೊದಲೇ ಅಳುತ್ತದೆಂದು ಮೇಲ್ಭಾಗದ ಒಳಗೆಲ್ಲ ಮೆತ್ತನೆ ಕಾಟನ್ ಕೊಟ್ಟು ಹೊಲಿಗೆ ಮುಚ್ಚುತ್ತಾಳೆ.

ಆದರೆ ಆ ಕಾಟನ್ ಮೊದಲು ಬಕೆಟ್ಟಿಗೆ ಬೀಳಬೇಕು. ನೆನೆಸದ ಲೈನಿಂಗಿಗೆ ಕತ್ತರಿ ತಾಗಿಸುವುದಿಲ್ಲ. 38 ಇಂಚಿನ ಸುತ್ತಳತೆಯಲ್ಲಿ ನೂರಕ್ಕೆ ಐದು ಪಾಲು ಕುಗ್ಗಿದರೂ ಹತ್ತಿರ ಹತ್ತಿರ ಎರಡಿಂಚು ಹೋಯಿತು. ಒಳಗಿನದು ಕುಗ್ಗಿ, ಹೊರಗಿನದು ಕುಗ್ಗದೆ ಬ್ಲೌಸು ಒಂದೇ ಒಗೆತಕ್ಕೆ ಗುಳ್ಳೆ ಏಳುತ್ತದೆ. “ನಾಳೇನೇ ಬೇಕು, ಲೈನಿಂಗ್ ಈಗ ತಂದೆ” ಎನ್ನುವವರಿಗೆ ಆಕೆ ಬಕೆಟ್ಟು ತೋರಿಸುತ್ತಾಳೆ.

ಇಷ್ಟೆಲ್ಲ ಬಲ್ಲವಳನ್ನು ಗಿರಾಕಿಗಳು ನಂಬುವುದಿಲ್ಲ. ಲೈನಿಂಗ್ ಬೇಡ ಅಂದರೆ ಕೆಲಸಗಳ್ಳಿ ಎಂಬ ಗುಮಾನಿ.

“ಲೈನಿಂಗ್ ಇಲ್ದಿದ್ರೆ ನೋಡಿದವರು ಏನಂತಾರೆ ಅಕ್ಕ?”

“ಬ್ಲೌಸಿನ ಒಳಗಡೆ ಯಾರ್ರೀ ನೋಡ್ತಾರೆ?”

“ನಮ್ಮ ನಾದಿನಿ ನೋಡ್ತಾಳೆ. ತಿರುಗಿಸಿ ನೋಡ್ತಾಳೆ.”

ನಾದಿನಿಗೆ ಟೈಲರಕ್ಕನ ಹತ್ತಿರ ಉತ್ತರವಿಲ್ಲ. ಆದರೂ ಹತ್ತರಲ್ಲೊಬ್ಬಳು ಒಪ್ಪುತ್ತಾಳೆ. ಸರಿ, ಪಟ್ಟಿಯೇ ಇರಲಿ ಎನ್ನುತ್ತಾಳೆ. ಗೆದ್ದ ಖುಷಿಯಲ್ಲಿ ಟೈಲರಕ್ಕ ಟೇಪು ಕೈಗೆತ್ತಿಕೊಳ್ಳುವಷ್ಟರಲ್ಲಿ ಮುಂದಿನ ಮಾತು ಬರುತ್ತದೆ: “ಹಾಗಾದ್ರೆ ಮಜೂರಿ ಅರ್ಧ ತಾನೆ?”

ಲೈನಿಂಗ್ ಇದ್ದರೆ ಕತ್ತನ್ನು ಮೆಷಿನ್ನಿನಲ್ಲೇ ತಿರುಗಿಸಬಹುದು, ಬಟ್ಟೆಯ ಅಂಚೆಲ್ಲ ಒಳಗೇ ಮುಚ್ಚಿಹೋಗುತ್ತದೆ. ಇಲ್ಲದಿದ್ದರೆ ಒಂದೊಂದು ಅಂಚಿಗೂ ಓವರ್‌ಲಾಕ್ ಆಗಬೇಕು, ಪಟ್ಟಿಯನ್ನು ಕೂತು ಕೈಯಲ್ಲೇ ಹೆಮ್ಮಿಂಗ್ ಮಾಡಬೇಕು. ಟೈಲರಕ್ಕ ಇದನ್ನೆಲ್ಲ ಬಿಡಿಸಿ ಹೇಳುತ್ತಾಳೆ. ಗಿರಾಕಿ ಗಮನವಿಟ್ಟು ಕೇಳುತ್ತಾಳೆ.

“ಅದೆಲ್ಲಾ ಸರಿ ಅಕ್ಕ, ಬಟ್ಟೆ ಕಮ್ಮಿ ಅಲ್ವಾ?”

ಟೈಲರಕ್ಕ ಆರ್ಡರ್ ಪುಸ್ತಕ ಎಳೆದುಕೊಂಡು, “ಖಣ, ಲೈನಿಂಗ್ ಸಮೇತ” ಎಂದು ಬರೆದು ಅಡ್ವಾನ್ಸ್ ಕೇಳುತ್ತಾಳೆ.