ತೆರಿ ನೋಡಾಕ ಹೋದ್ವಿ

ಕಾಕಾ: ಏನೋ ಸಂಗಪ್ಪಾ, ಮನೀಗಿ ಕೀಲಿ ಹಾಕಿ ಎಲ್ಲಿ ಹೋಗಿದ್ರಿ?

ಸಂಗಪ್ಪ: ಖೋಪೋಲಿಗೆ ಕಾಕಾ, ಇಮ್ಯಾಜಿಕಾ ಅನ್ನೂ ಆಟದ ಪಾರ್ಕ್ ನೋಡಾಕ. 2013ರಾಗ ಸುರುವಾಗಿದ್ದು. ನೀರಿನ ಪಾರ್ಕೂ ಐತಿ. ಎರಡ ವರ್ಷದ ಕೂಸಿಗೆ ಮಜಾ ಆಗ್ಲಿ ಅಂತ.

ಕಾಕಾ: ಆತೇನ ಮಜಾ?

ಸಂಗಪ್ಪ: ದೊಡ್ಡ ಜೋಕಾಲಿಗೆ ಎತ್ತರ ಅಳೀತಾರ. ಕೂಸು ಗಿಡ್ಡಾತು. ಅದರ ಸಲುವಾಗಿ ನಾವ ಹತ್ತಿದ್ವಿ.

ಕಾಕಾ: ಭಾಳ ದೊಡ್ಡ ತ್ಯಾಗ! ಕೂಸು ಏನ ಮಾಡ್ತು?

ಸಂಗಪ್ಪ: ಅವರಜ್ಜಿ ಉಡ್ಯಾಗ ನಿದ್ದಿ ಹೊಡೀತು.

ಕಾಕಾ: ನೀರು?

ಸಂಗಪ್ಪ: ಅಬಬಬ! ಗುಂಡಿ ಒತ್ತಿದ್ರ ಸಮುದ್ರದಂಗ ತೆರಿ!

ಕಾಕಾ: ಮ್ಹೈಸಾಳದಾಗ ಕೃಷ್ಣಾ ನೀರು ಎತ್ತೂ ಪಂಪಿಗೂ ಗುಂಡಿ ಅದಾವು. ಒತ್ತಿದ್ರ ಮೊದಲ ಕರೆಂಟ್ ಬಿಲ್ ಬರ್ತೈತಿ.

ಸಂಗಪ್ಪ: ನಮಗೂ ಹಂಗ ಆತು ಕಾಕಾ. ತೆರಿ ನೋಡಾಕ ಹೋಗಿ ತೆರಿಗಿ ಕಟ್ಟಿ ಬಂದ್ವಿ. ಟಿಕೀಟಿನ ಮ್ಯಾಲ ಜಿಎಸ್‌ಟಿ!

ಕಾಕಾ: ಒಟ್ಟ ಕೂಸು ನಗಲೇ ಇಲ್ಲನ?

ಸಂಗಪ್ಪ: ನಕ್ಕತಲ್ಲ! ನಮ್ಮೂರು ಬಿಳೂರಿಗೆ ಬಂದ ಇಳದ ಕೂಡ್ಲೆ ನೀರಿನ ಟ್ಯಾಂಕರ್ ಸೋರಾಕತ್ತಿತ್ತು. ಅದರ ಕೆಳಗ ನಿಂತು ಚಪ್ಪಾಳಿ ಹೊಡದು ಹೊಡದು ಕುಣೀತು.

ಕಾಕಾ: ಮೆಲ್ಲಕ ಹೇಳೋ ಮಾರಾಯಾ! ಯಾರರ ಕೇಳಿದ್ರ ನಾಳಿಂದ ಅದಕ್ಕೂ ಟಿಕೀಟ್ ಹಚ್ಚ್ಯಾರು.